ಮೈಲಿಗೆ

ಮನೆ ಆಯಿತು, ಸೈಟು ಆಯಿತು,
ಪಾಲಿಹೌಸು ಅವರ ಅಣ್ಣನ ಪಾಲಿಗೆ ಹೋಯಿತು.
ಉಳಿದದ್ದು ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ
ಮುನ್ನೂರ ಹನ್ನೆರಡು ಮೈಲಿ.

ಚಿಕ್ಕಬಳ್ಳಾಪುರ ಕೋರ್ಟಿನ ಹಿಂಭಾಗ, ರಾಜಿ ಕೋಣೆ.
ಫ್ಯಾನಿನ ಒಂದು ರೆಕ್ಕೆ ಸೊಟ್ಟ.
ನನ್ನ ಲಾಯರು ಅಂಜಿನಪ್ಪ ಕನ್ನಡಕ ಹಣೆಗೇರಿಸಿ
"ಒಂದು ಮೈಲಿಗೆ ಎಷ್ಟು ಹಿಡಿಯೋಣ?" ಅಂದರು.

ಯಾರೂ ನಗಲಿಲ್ಲ. ನನಗೆ ಮಾತ್ರ ಬಂತು.

ನಮ್ಮಜ್ಜಿಗೆ ಮೈಲಿ ಅಂದರೆ ಸಿಡುಬು.
ತೋಳಿನ ಮೇಲೆ ನಾಲ್ಕಾಣೆ ಅಗಲದ ಕಲೆ ತೋರಿಸಿ
"ಮೈಲಿ ಹಾಕಿಸಿದ್ದು" ಅನ್ನೋಳು.
ಹೆರಿಗೆಗೆ, ಸಾವಿಗೆ, ತಿಂಗಳ ಮೂರು ದಿನಕ್ಕೆ ಮೈಲಿಗೆ.
ಗೌರಿಬಿದನೂರು ಎಷ್ಟು ದೂರ ಅಂದರೆ ಮಾತ್ರ
ಮೈಲಿ ಅನ್ನುತ್ತಿರಲಿಲ್ಲ,
"ಒಂದು ಬುತ್ತಿ ದಾರಿ" ಅನ್ನುತ್ತಿದ್ದಳು.

ಹನ್ನೊಂದು ವರ್ಷ. ಹೂವು ಹಾರಿತು, ಅವರು ಹಾರಿದರು.
ಗುಲಾಬಿಗೆ ಐಸಿನ ಡಬ್ಬ, ಅವರಿಗೆ ಕಿಟಕಿ ಪಕ್ಕದ ಸೀಟು.
ಗುವಾಹಟಿ, ದುಬೈ, ಕೋಲ್ಕತ್ತ, ಮತ್ತೆ ದುಬೈ.
ರಾತ್ರಿ ಎರಡರ ಅಲಾರಂ ನನ್ನದು,
ಫ್ಲಾಸ್ಕಿನ ಕಾಫಿ ನನ್ನದು, ಟಿಕೆಟ್ಟು ಮಾಡಿದ ಬೆರಳು ನನ್ನದು,
ಅವರ ಹೆಸರಿಗೆ ಸಾಲ ಹುಟ್ಟದೆ
ಕಾರ್ಡಿನ ಮೇಲೆ ಕೂತ ಹೆಸರೂ ನನ್ನದು.
ಬಿ.ಬಿ. ರಸ್ತೆ ತನಕ ಸ್ಕೂಟರಿನಲ್ಲಿ ಬಿಟ್ಟು, ಬಸ್ಸು ಹತ್ತಿಸಿ,
ಶೆಡ್ಡಿಗೆ ಬಂದು ಮುಳ್ಳು ಕೀಳುತ್ತಾ ಕೂತರೆ
ಬೆಳಗಿನ ವಿಮಾನ ಸ್ಕಂದಗಿರಿಯ ನೆತ್ತಿ ಬಳಸಿ
ನಮ್ಮ ತಾರಸಿಯ ಮೇಲೆ ಹಾಯುತ್ತಿತ್ತು.
ಅದರ ಹೊಟ್ಟೆಯಷ್ಟೇ ಕಾಣುತ್ತಿತ್ತು ನನಗೆ.

"ಹಾರಿದವರದ್ದೇ ಮೈಲಿ," ಅಂದರು ಅವರ ವಕೀಲರು. "ಕಂಪನಿ ರೂಲ್ಸು.
ಮಾರುವಂತಿಲ್ಲ, ಹಂಚುವಂತಿಲ್ಲ,
ಮಾರ್ಚಿ ಮೂವತ್ತೊಂದಕ್ಕೆ ತಾವೇ ಸಾಯುತ್ತವೆ."

ಪೆಟ್ರೋಲ್ ಬಂಕಿನ ಪಾಯಿಂಟು ಅವರಿಗೆ, ಸೀರೆ ಅಂಗಡಿಯದು ನನಗೆ,
ಅದಕ್ಕೆ ಜಗಳವಿರಲಿಲ್ಲ.
ಇನ್ನೂರ ಹತ್ತು ಪಾಯಿಂಟಿಗೆ ಒಂದು ಕರ್ಚೀಫು.

ರಾಜಿ ಮಾಡಿಸುವ ತಾಜುನ್ನೀಸಾ ಮೇಡಂ
ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು
ಔಷಧಿ ಚೀಟಿಯ ಹಾಗೆ ನಿಯಮ ಓದಿದರು:
"ಮನೆಯವರಿಗೆ ಟಿಕೆಟ್ಟು ತೆಗೆಯಬಹುದು. ತಂದೆ, ತಾಯಿ, ಮಕ್ಕಳು, ಪತ್ನಿ."
ಸ್ವಲ್ಪ ತಡೆದು, "ಈ ಹೊತ್ತಿಗೆ ಇನ್ನೂ ಪತ್ನಿ ತಾನೆ?
ಸಹಿಗೆ ಮುಂಚೆ ಮುಗಿಸಿಬಿಡಿ."

ಹಾಗೆ ನಮ್ಮ ಮದುವೆ ಇಪ್ಪತ್ತು ನಿಮಿಷ ಬೆಳೆಯಿತು.

"ಎಲ್ಲಿಗೆ?" ಅಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.
ದುಬೈ ಬೇಡ. ಬೆಳಿಗ್ಗೆ ನಮ್ಮ ತಾರಸಿ ಮೇಲೆ ಹೋಗುತ್ತಲ್ಲ,
ಆರೂ ಹತ್ತರದು, ಅದು ಎಲ್ಲಿಗೆ ಹೋದರೂ ಸರಿ.

ಬಾಗಿಲ ಜವಾನ "ಪುಣೆ" ಅಂದ. ಅಂಜಿನಪ್ಪ "ಡೆಲ್ಲಿ" ಅಂದರು.
ಅವರು ತಲೆಯೆತ್ತದೆ "ಭುವನೇಶ್ವರ" ಅಂದರು.
ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ ಅನ್ನಿ.

ಭುವನೇಶ್ವರದಲ್ಲಿ ನನಗೆ ಯಾರಿದ್ದಾರೆ.

ಹೆಸರು, ವನಜಾಕ್ಷಿ. ವಯಸ್ಸು, ಮೂವತ್ತೊಂಬತ್ತು. ಸಂಬಂಧ,
ಅಲ್ಲಿ ಅವರ ಹೆಬ್ಬೆರಳು ನಿಂತಿತು.
ಆಮೇಲೆ ಓಟಿಪಿ ಬಂತು, ನನ್ನ ಫೋನಿಗೆ. ಯಾವತ್ತೂ ನನ್ನ ಫೋನಿಗೇ.
ಯಾರಿಗೂ ಹೇಳಬೇಡಿ ಎಂದು ಬರೆದಿದ್ದ ಆರು ಅಂಕಿಯನ್ನು
ಎರಡೆರಡಾಗಿ ಓದಿದೆ,
ಅಡುಗೆಮನೆಯಿಂದ ಕೂಗುತ್ತಿದ್ದ ಅದೇ ರಾಗದಲ್ಲಿ:
ಅರವತ್ತೆರಡು, ಸೊನ್ನೆ ಏಳು, ನಲವತ್ತೊಂದು.

"ಎಡಗಡೆ ಕೂತ್ಕೋ," ಅಂದರು, "ಏಳನೇ ಸಾಲಿನ ಒಳಗೆ.
ಹಿಂದೆ ಹೋದರೆ ರೆಕ್ಕೆ ಅಡ್ಡ ಬರುತ್ತೆ.
ಮೊದಲು ಕೆರೆ, ಆಮೇಲೆ ನಮ್ಮ ನೀಲಿ ಟ್ಯಾಂಕು."

ನೀಲಿ ಟ್ಯಾಂಕು.
ಒಣಹಾಕಿದ ಬಟ್ಟೆಯೂ ಕಾಣುತ್ತಾ, ಅಂತ ಬಾಯಿತನಕ ಬಂತು.
ಅಷ್ಟರಲ್ಲಿ ಮೇಡಂ ಪೆನ್ನು ಚಾಚಿದರು. ಒಂದೇ ಪೆನ್ನು.
ಮೊದಲು ಅವರು, ಆಮೇಲೆ ನಾನು.

ಮಿಕ್ಕ ಮೈಲಿಗಳು ಮಾರ್ಚಿಗೆ ಸಾಯಲಿ.
ಅವರು ಅಲ್ಲಿ, ನಾನು ಇಲ್ಲಿ,
ತಲೆಗೆ ಎರಡು ಚೊಂಬು ನೀರು ಹಾಕಿಕೊಂಡರಾಯಿತು.